ಆ ಕೋಷ್ಟಕದಲ್ಲಿ ನಾಲ್ಕು ಚೌಕ ಖಾಲಿ ಇರಲಿ

ಮಾನ್ಯ ಸಂಪಾದಕರೇ,

ಹೊಸ ವರ್ಷದ ಮೊದಲ ವಾರ ನಿಮ್ಮ ಪತ್ರಿಕೆಯಲ್ಲಿ ಸಮಯದ ಬಳಕೆ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಅದರ ಕೆಳಗೆ ಒಂದು ಕೋಷ್ಟಕ. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ, ಅರ್ಧ ಗಂಟೆಗೊಂದು ಚೌಕ. ಎಣಿಸಿದೆ, 34 ಚೌಕ ಇದ್ದವು. ಕತ್ತರಿಸಿ ಇಟ್ಟುಕೊಳ್ಳಿ, ಯಾವ ಚೌಕವನ್ನೂ ಖಾಲಿ ಬಿಡಬೇಡಿ, ನಿಮ್ಮ ಸಮಯಕ್ಕೆ ನೀವೇ ಯಜಮಾನರು ಅಂತ ಬರೆದಿತ್ತು. ಅದಾಗಿ ಐದಾರು ದಿನಕ್ಕೆ ಓದುಗರೊಬ್ಬರ ಪತ್ರವೂ ಬಂತು. ಪರಲೋಕದ ಮೇಲೆ ಕಣ್ಣಿಟ್ಟವರು ನಾಳೆಯನ್ನು ದೇವರಿಗೆ ಬಿಟ್ಟು ಸುಮ್ನೆ ಕೂತಿರುತ್ತಾರೆ, ಯೋಜನೆ ಹಾಕುವುದು ಅವರಿಗೆ ಒಗ್ಗುವುದಿಲ್ಲ ಅನ್ನುವುದು ಅವರ ವಾದ.

ಎರಡನ್ನೂ ಮೂರ್ನಾಲ್ಕು ಸಲ ಓದಿದೆ. ಉತ್ತರ ಬರೆಯದೆ ಇರಲು ಮನಸ್ಸು ಒಪ್ಪಲಿಲ್ಲ. ನಾನು ಕ್ರೈಸ್ತ. ಯೋಜನೆ ಹಾಕುವುದೇ ನನ್ನ ಹೊಟ್ಟೆಪಾಡೂ ಆಗಿತ್ತು. 32 ವರ್ಷ ದೊಡ್ಡ ಕಟ್ಟಡಗಳ ಸೈಟಿನಲ್ಲಿ ಪ್ಲಾನಿಂಗ್ ಎಂಜಿನಿಯರ್ ಆಗಿದ್ದೆ. ಯಾವ ಕೆಲಸ ಯಾವತ್ತು ಶುರುವಾಗಬೇಕು, ಯಾವತ್ತು ಮುಗಿಯಬೇಕು, ಯಾವುದು ಮುಗಿಯದೆ ಯಾವುದಕ್ಕೆ ಕೈ ಹಾಕುವ ಹಾಗಿಲ್ಲ, ಇದನ್ನೆಲ್ಲ ಬಾರ್ ಚಾರ್ಟ್ ಮಾಡಿ ಗೋಡೆಗೆ ಅಂಟಿಸುವುದು ನನ್ನ ಕೆಲಸ. ಪಾಯ, ಕಾಲಮ್, ಸೆಂಟ್ರಿಂಗ್, ಕಂಬಿ ಕಟ್ಟುವುದು, ಕಾಂಕ್ರೀಟ್, ಕ್ಯೂರಿಂಗ್. ಒಂದೊಂದಕ್ಕೂ ಒಂದೊಂದು ಗೆರೆ.

ಕಾಲದ ಬಗ್ಗೆ ನನಗೆ ಮೊದಲ ಪಾಠ ಕಲಿಸಿದ್ದು ಕಾಂಕ್ರೀಟ್. ಹಾಕಿದ ಮರುದಿನವೇ ಅದು ಕಲ್ಲಿನ ಹಾಗೆ ಕಾಣುತ್ತದೆ. ಮೇಲೆ ನಡೆದಾಡಬಹುದು. ಆದರೆ ಒಳಗೆ ಸಿಮೆಂಟೂ ನೀರೂ ಸೇರಿ ಗಟ್ಟಿಯಾಗುವ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ. ಅದಕ್ಕೆ ಬಲ ಬಂದಿದೆಯಾ ಅಂತ 28ನೇ ದಿನ ಪರೀಕ್ಷೆ ಮಾಡುತ್ತಾರೆ. ಮಾಲೀಕರು ಫೋನ್ ಮಾಡಿ ಎಷ್ಟೇ ಕೂಗಾಡಿದರೂ 28 ದಿನ 20 ದಿನ ಆಗುವುದಿಲ್ಲ. ಕಾಲ ನನ್ನ ಮಾತು ಕೇಳುವುದಿಲ್ಲ ಅನ್ನುವುದನ್ನು ದಿನಾ ಕಣ್ಣೆದುರೇ ನೋಡುತ್ತಿದ್ದೆ. ಸಂಜೆ ಮನೆಗೆ ಬಂದರೆ ಮರೆತುಬಿಡುತ್ತಿದ್ದೆ.

ಮೊದಲು ಆ ಓದುಗರಿಗೆ ಹೇಳುತ್ತೇನೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಗೋಪುರದ ಮಾತು ಎತ್ತುತ್ತಾರೆ. ಗೋಪುರ ಕಟ್ಟಬೇಕು ಅಂತ ಇರುವವನು ಮೊದಲು ಕೂತುಕೊಂಡು ಲೆಕ್ಕ ಹಾಕುವುದಿಲ್ಲವೇ, ಮುಗಿಸುವಷ್ಟು ತನ್ನಲ್ಲಿ ಇದೆಯೋ ಇಲ್ಲವೋ ಅಂತ ನೋಡುವುದಿಲ್ಲವೇ ಅಂತ ಕೇಳುತ್ತಾರೆ. ಪಾಯ ಹಾಕಿ ಮುಗಿಸಲಾಗದೆ ಹೋದರೆ ನೋಡಿದವರು ನಗುತ್ತಾರೆ ಅನ್ನುತ್ತಾರೆ. ಆ ಮಾತು ತನ್ನ ಶಿಷ್ಯನಾಗಲು ಏನೇನು ಬಿಟ್ಟುಕೊಡಬೇಕಾಗುತ್ತದೆ ಅನ್ನುವುದರ ಬಗ್ಗೆ, ನಿಜ. ಆದರೂ ಉದಾಹರಣೆಗೆ ಅವರು ಆರಿಸಿಕೊಂಡದ್ದು ಕೂತು ಲೆಕ್ಕ ಹಾಕುವ ಮನುಷ್ಯನನ್ನು. ಅರ್ಧಕ್ಕೆ ನಿಂತ ಕಟ್ಟಡದ ಕೆಳಗೆ ನಿಂತು ನೋಡಿದವನಿಗೆ ಆ ಮಾತಿನ ತೂಕ ಬೇಗ ಗೊತ್ತಾಗುತ್ತದೆ. ಕಾಲಮ್ಮಿನ ತುದಿಯಿಂದ ತುಕ್ಕು ಹಿಡಿದ ಕಂಬಿಗಳು ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಅದರಷ್ಟು ಬೇಜಾರಿನ ನೋಟ ನನ್ನ ಕೆಲಸದಲ್ಲಿ ಬೇರೆ ಇರಲಿಲ್ಲ.

ನಮ್ಮ ಸತ್ಯವೇದ ಬೈಬಲಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ನೆಹೆಮೀಯ. ಪರ್ಷಿಯಾದ ಅರಸ ಅರ್ತಷಸ್ತನಿಗೆ ಪಾನದ ಬಟ್ಟಲು ಕೊಡುವ ಕೆಲಸ ಅವನದು. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅಂತ ಕೇಳಿ ಅತ್ತ, ಉಪವಾಸ ಮಾಡಿದ, ಪ್ರಾರ್ಥನೆ ಮಾಡಿದ. ಸುದ್ದಿ ಕೇಳಿದ್ದು ಕಿಸ್ಲೇವ್ ತಿಂಗಳಲ್ಲಿ, ಅರಸನ ಮುಂದೆ ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ಹತ್ತಿರ ಹತ್ತಿರ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಅವನು ಸುಮ್ನೆ ಕೂತಿರಲಿಲ್ಲ ಅಂತ ಅವನ ಉತ್ತರಗಳಿಂದಲೇ ಗೊತ್ತಾಗುತ್ತದೆ. ಎಷ್ಟು ದಿನದ ಪ್ರಯಾಣ, ಯಾವಾಗ ವಾಪಸ್ ಬರುತ್ತೀಯ ಅಂತ ಅರಸ ಕೇಳಿದರೆ, ಇಷ್ಟು ಕಾಲ ಅಂತ ಹೇಳಿಬಿಟ್ಟ. ದಾರಿಯ ಅಧಿಪತಿಗಳಿಗೆ ಪತ್ರ ಬೇಕು ಅಂದ. ಬಾಗಿಲಿನ ತೊಲೆಗಳಿಗೆ, ಗೋಡೆಗೆ, ತಾನು ಇರುವ ಮನೆಗೆ ಮರ ಬೇಕು, ಅರಸನ ಅರಣ್ಯ ಕಾಯುವ ಆಸಾಫನಿಗೆ ಬರೆದುಕೊಡಿ ಅಂದ. ನಮ್ಮ ಸೈಟಿನ ಭಾಷೆಯಲ್ಲಿ ಇದು ಮೆಟೀರಿಯಲ್ ಇಂಡೆಂಟ್, ಅಂದರೆ ಬೇಕಾದ ಸಾಮಾನು ಕೇಳಿ ಬರೆಯುವ ಪಟ್ಟಿ. ಊರು ಸೇರಿ ಮೂರು ದಿನ ಆದ ಮೇಲೆ ರಾತ್ರಿಯಲ್ಲಿ, ಯಾರಿಗೂ ಹೇಳದೆ, ಗೋಡೆಯನ್ನು ಸುತ್ತು ಹಾಕಿ ನೋಡಿಕೊಂಡು ಬಂದ. ಎಷ್ಟೋ ಜನರಿಗೆ ಅವರವರ ಮನೆಯ ಎದುರಿನ ಭಾಗವನ್ನೇ ವಹಿಸಿದ. ಗೋಡೆ 52 ದಿನಕ್ಕೆ ಮುಗಿಯಿತು.

ಇದರ ನಡುವೆ ಒಂದು ಸಾಲು ಇದೆ. ನಿನಗೆ ಏನು ಬೇಕು ಅಂತ ಅರಸ ಕೇಳುತ್ತಾನೆ. ಆಗ ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಟ್ಟ ಅಂತ ಬರೆದಿದೆ. ಅರಸ ಎದುರಿಗೇ ಇದ್ದಾನೆ. ಆ ಪ್ರಾರ್ಥನೆ ಒಂದು ಉಸಿರಿಗಿಂತ ಉದ್ದ ಇದ್ದಿರಲಿಕ್ಕಿಲ್ಲ. ನಾಲ್ಕು ತಿಂಗಳ ಪ್ರಾರ್ಥನೆ, ನಾಲ್ಕು ತಿಂಗಳ ತಯಾರಿ, ಆಮೇಲೆ ಈ ಒಂದು ಉಸಿರು. ಇದನ್ನು ಓದಿದವರು ವಿಶ್ವಾಸಿಗಳು ಯೋಜನೆ ಹಾಕುವುದಿಲ್ಲ ಅಂತ ಹೇಗೆ ಹೇಳುತ್ತಾರೆ?

ಹೌದು, ನಮ್ಮವರಲ್ಲೂ ದಾರಿ ತಪ್ಪಿದವರು ಇದ್ದಾರೆ. ಅದನ್ನು ಮುಚ್ಚಿಡಬಾರದು. ಥೆಸಲೋನಿಕ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದರು. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂತ ಅಪೊಸ್ತಲ ಪೌಲ ಅವರಿಗೆ ಖಂಡಿತವಾಗಿ ಬರೆದ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನುವವರ ಬೋಧನೆ ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾರೆ ಅಂತ ಕಾದರು. ಆ ದಿನ ಬಂತು, ಹೋಯಿತು. ಆ ದಿನವೂ ಗಳಿಗೆಯೂ ತಂದೆಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಅಂತ ಸ್ವಾಮಿ ಹೇಳಿದ್ದು ಸುವಾರ್ತೆಯಲ್ಲೇ ಇದೆ. ನಿತ್ಯತ್ವವನ್ನೂ ಒಂದು ತಾರೀಖು ಮಾಡಿ ಚಾರ್ಟಿಗೆ ಸೇರಿಸಲು ಹೊರಟರೆ ಹೀಗೇ ಆಗುವುದು.

ಈಗ ನಿಮ್ಮ ಲೇಖನಕ್ಕೆ ಬರುತ್ತೇನೆ. ನನ್ನ ಜಾಸ್ತಿ ಮಾತು ಇರುವುದು ಇಲ್ಲಿಯೇ. ನಿಮ್ಮ ಸಮಯಕ್ಕೆ ನೀವೇ ಯಜಮಾನರು ಅನ್ನುವ ಮಾತಿನ ಬಗ್ಗೆ.

ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಒಬ್ಬ ವ್ಯಾಪಾರಿಯ ಮಾತು ಬರುತ್ತದೆ. ಇವತ್ತೋ ನಾಳೆಯೋ ಇಂಥ ಊರಿಗೆ ಹೋಗುತ್ತೇವೆ, ಅಲ್ಲಿ ಒಂದು ವರ್ಷ ಇರುತ್ತೇವೆ, ವ್ಯಾಪಾರ ಮಾಡುತ್ತೇವೆ, ಲಾಭ ಗಳಿಸುತ್ತೇವೆ. ಎಂಜಿನಿಯರ್ ಕಣ್ಣಿಗೆ ಇದು ಒಳ್ಳೆಯ ಯೋಜನೆ. ಶುರು ಯಾವಾಗ ಅಂತ ಇದೆ, ಜಾಗ ಇದೆ, ಅವಧಿ ಇದೆ, ಫಲಿತಾಂಶ ಇದೆ. ಯಾಕೋಬ ಅದನ್ನು ಹರಿದು ಹಾಕಿ ಅನ್ನುವುದಿಲ್ಲ. ನೀವು ಸ್ವಲ್ಪ ಹೊತ್ತು ಕಾಣಿಸಿಕೊಂಡು ಆಮೇಲೆ ಕಾಣದೆ ಹೋಗುವ ಹಬೆಯಂಥವರು ಅನ್ನುತ್ತಾನೆ. ಕರ್ತನ ಚಿತ್ತವಾದರೆ ನಾವು ಬದುಕಿದ್ದು ಇದನ್ನೋ ಅದನ್ನೋ ಮಾಡುತ್ತೇವೆ ಅಂತ ಹೇಳಿ ಅನ್ನುತ್ತಾನೆ. ಆ ಮಾತಿನಲ್ಲಿ 'ಬದುಕಿದ್ದು' ಅನ್ನುವುದು ಮೊದಲು, 'ಮಾಡುತ್ತೇವೆ' ಅನ್ನುವುದು ಆಮೇಲೆ. ನಾನು ಬಹಳ ವರ್ಷ ಇದನ್ನು ಗಮನಿಸಿರಲೇ ಇಲ್ಲ. ದೇವರ ಚಿತ್ತವಾದರೆ ಸ್ಲ್ಯಾಬ್ ಹಾಕುವ ಕೆಲಸ ಆಗುತ್ತದೆ ಅಂತ ಅಂದುಕೊಳ್ಳುತ್ತಿದ್ದೆ. ದೇವರ ಚಿತ್ತವಾದರೆ ನಾನು ಇರುತ್ತೇನೆ, ಅವಳು ಇರುತ್ತಾಳೆ ಅಂತ ಅಂದುಕೊಂಡಿರಲಿಲ್ಲ.

ಅವಳು ಅಂದರೆ ನನ್ನ ಹೆಂಡತಿ.

ನಿವೃತ್ತಿಗೆ ಆರು ತಿಂಗಳು ಇದ್ದಾಗ ಒಂದು ಉದ್ದ ಪುಸ್ತಕ ತಂದು ಮುಂದಿನ ಐದು ವರ್ಷದ ಯೋಜನೆ ಬರೆದೆ. ಸೈಟಿನ ಅಭ್ಯಾಸ, ಗೆರೆ ಎಳೆದು ತಿಂಗಳು ಹಾಕಿ ಬರೆದೆ. ಮನೆ ರಿಪೇರಿ, ಪ್ರವಾಸಗಳು, ಸಭೆಯ ಕಟ್ಟಡದ ಕೆಲಸ, ಓದಬೇಕಾದ ಪುಸ್ತಕಗಳು. ನನ್ನದು ನೀಲಿ ಶಾಯಿ, ಅವಳದು ಕೆಂಪು. ನಿನ್ನದೇನು ಸೇರಿಸಲಿ ಅಂತ ಕೇಳಿದೆ. ಅವಳು ಕೇಳಿದ್ದು ಒಂದೇ. ಸಂಜೆ ಹೊತ್ತು ಇಬ್ಬರೂ ಸ್ವಲ್ಪ ದೂರ ನಡೆದು ಬರೋಣ, ಅಷ್ಟೇ ಅಂದಳು. ನಾನು ಪುಟ ತಿರುವಿ ನೋಡಿದೆ. ಮೊದಲ ವರ್ಷದ ಸಂಜೆಗಳು ತುಂಬಿಹೋಗಿದ್ದವು. ಎರಡನೇ ವರ್ಷದ ಮೊದಲ ತಿಂಗಳಿಂದ ಕೆಂಪು ಗೆರೆ ಎಳೆದೆ.

ನಿವೃತ್ತಿಯಾಗಿ ಐದನೇ ತಿಂಗಳು ಅವಳಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಮೂರು ವರ್ಷ ಆಯಿತು ಈಗ. ಆ ಪುಸ್ತಕ ಇನ್ನೂ ಮೇಜಿನ ಖಾನೆಯಲ್ಲಿದೆ. ಆ ಕೆಂಪು ಗೆರೆಯನ್ನು ನಾನು ಬಹಳ ಸಲ ನೋಡಿದ್ದೇನೆ. ಸಮಯ ನನ್ನದೇ ಅಂತ ನಂಬಿದ್ದವನು ಮಾತ್ರ ಹಾಗೆ ಗೆರೆ ಎಳೆಯುವುದು ಸಾಧ್ಯ.

ಲೂಕನ 12ನೇ ಅಧ್ಯಾಯದ ಐಶ್ವರ್ಯವಂತನ ಕಥೆ ಚಿಕ್ಕಂದಿನಿಂದ ಕೇಳಿದ್ದೆ. ಭೂಮಿ ಚೆನ್ನಾಗಿ ಬೆಳೆಯಿತು, ಕಣಜ ಸಾಲಲಿಲ್ಲ, ಹಳೆಯದನ್ನು ಕೆಡವಿ ದೊಡ್ಡದು ಕಟ್ಟಲು ಹೊರಟ. ಅವನು ಜಿಪುಣ, ಅದಕ್ಕೇ ದೇವರಿಗೆ ಸಿಟ್ಟು ಬಂತು ಅಂತ ಅಂದುಕೊಂಡಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮತ್ತೆ ಓದಿದಾಗ ಬೇರೆಯೇ ಕಂಡಿತು. ಇಡೀ ಕಥೆಯಲ್ಲಿ ಅವನು ಯಾರ ಹತ್ತಿರವೂ ಮಾತಾಡುವುದಿಲ್ಲ. ತನ್ನೊಳಗೇ ಮಾತಾಡಿಕೊಳ್ಳುತ್ತಾನೆ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಅನೇಕ ವರ್ಷಗಳಿಗೆ ಸಾಕಾಗುವಷ್ಟು ಇದೆ ಅಂತ ತನ್ನ ಪ್ರಾಣಕ್ಕೇ ಹೇಳಿಕೊಳ್ಳುತ್ತಾನೆ. ಅವನ ಯೋಜನೆಯಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಆ 'ಅನೇಕ ವರ್ಷ' ಅನ್ನುವ ಮಾತಿಗೆ ದೇವರ ಉತ್ತರ 'ಈ ರಾತ್ರಿಯೇ' ಅಂತ.

ನನ್ನ ಹೆಂಡತಿಗೆ ಸ್ಟ್ರೋಕ್ ಆದದ್ದು ನನ್ನ ಪುಸ್ತಕಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದವರೊಬ್ಬರು ಇದ್ದರು, ಅವರ ಮಾತನ್ನು ಒಪ್ಪಲಿಲ್ಲ. ಕುರುಡನಾಗಿ ಹುಟ್ಟಿದವನನ್ನು ತೋರಿಸಿ ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಇವನ ತಂದೆತಾಯಿಯದೂ ಅಲ್ಲ ಅಂತ ಸ್ವಾಮಿ ಹೇಳಿದ್ದು ನನಗೆ ಸಾಕು. ನಾನು ಹೇಳುತ್ತಿರುವುದು ನನ್ನ ಗೆರೆಯ ಬಗ್ಗೆ ಮಾತ್ರ.

ಈಗ ನಮ್ಮ ಬೆಳಗು ಹೇಗಿರುತ್ತದೆ ಅಂತ ಹೇಳುತ್ತೇನೆ. ಅವಳ ಅಂಗಿಗೆ ಐದು ಗುಂಡಿ. ಎಡಗೈ ಒಂದರಲ್ಲೇ ಹಾಕಿಕೊಳ್ಳಬೇಕು, ಸಹಾಯ ಮಾಡಬೇಡಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿಯುತ್ತಾಳೆ, ತೋರುಬೆರಳಿನಿಂದ ಕಾಜ ಹುಡುಕುತ್ತಾಳೆ. ಮೂರನೇ ಗುಂಡಿ ಯಾವಾಗಲೂ ಜಾರುತ್ತದೆ. ಮತ್ತೆ ಮೊದಲಿಂದ. ಮೊದಮೊದಲು ನಾನು ಎದುರು ಕೂತು ವಾಚ್ ನೋಡುತ್ತಿದ್ದೆ. 11 ನಿಮಿಷ, 14 ನಿಮಿಷ ಅಂತ ಬರೆದಿಡುತ್ತಿದ್ದೆ. ಬೇಗ ಆಗಲಿ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ಅವಳು ತಲೆ ಎತ್ತಿ ನನ್ನ ಕೈಯಲ್ಲಿದ್ದ ವಾಚನ್ನು ನೋಡಿದಳು. ಏನೂ ಹೇಳಲಿಲ್ಲ, ಹೇಳಲು ಮಾತೂ ಇರಲಿಲ್ಲ. ಅವತ್ತಿನಿಂದ ವಾಚ್ ಬಿಚ್ಚಿಟ್ಟು ಕೂರುತ್ತೇನೆ.

ಮಾರ್ಕನ 5ನೇ ಅಧ್ಯಾಯದಲ್ಲಿ ಯಾಯೀರ ಅನ್ನುವ ತಂದೆ ಯೇಸುವಿನ ಹತ್ತಿರ ಬರುತ್ತಾನೆ. ಅವನ 12 ವರ್ಷದ ಮಗಳು ಸಾಯುತ್ತಿದ್ದಾಳೆ. ಯೇಸು ಹೊರಡುತ್ತಾರೆ. ದಾರಿಯಲ್ಲಿ 12 ವರ್ಷದಿಂದ ರಕ್ತಸ್ರಾವ ಇರುವ ಹೆಂಗಸು ಗುಂಪಿನ ನಡುವೆ ಬಂದು ಅವರ ಉಡುಪು ಮುಟ್ಟುತ್ತಾಳೆ. ಅವರು ನಿಂತುಬಿಡುತ್ತಾರೆ. ನಮ್ಮ ಕೆಲಸದಲ್ಲಿ ಫ್ಲೋಟ್ ಅನ್ನುವ ಮಾತಿದೆ. ಒಂದು ಕೆಲಸ ಎಷ್ಟು ತಡವಾದರೂ ಕಡೆಯ ತಾರೀಖು ಕದಲುವುದಿಲ್ಲವೋ ಅಷ್ಟು ಬಿಡುವು. ಸಾಯುತ್ತಿರುವ ಮಗುವಿನ ಹತ್ತಿರ ಹೋಗುವ ಕೆಲಸಕ್ಕೆ ಫ್ಲೋಟ್ ಸೊನ್ನೆ. ನಾನಾಗಿದ್ದರೆ ನಿಲ್ಲುತ್ತಿರಲಿಲ್ಲ. ಅವರು ನಿಂತು, ನನ್ನನ್ನು ಮುಟ್ಟಿದ್ದು ಯಾರು ಅಂತ ಸುತ್ತ ನೋಡಿದರು. ಅವಳು ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳುವವರೆಗೆ ಕೇಳಿದರು. ಅಷ್ಟರಲ್ಲಿ ಮಗು ಸತ್ತ ಸುದ್ದಿ ಬಂತು. ಯಾಯೀರನಿಗೆ ಆ ಗಳಿಗೆ ಹೇಗಿದ್ದಿರಬಹುದು ಅಂತ ಯೋಚಿಸಿದರೆ ಎದೆ ಹಿಡಿದ ಹಾಗಾಗುತ್ತದೆ. ಆದರೂ ಅವರು ಹೋದರು, ಹುಡುಗಿಯ ಕೈ ಹಿಡಿದು ಎಬ್ಬಿಸಿದರು. ಸಾವು ಕಡೆಯ ತಾರೀಖು ಅಲ್ಲ ಅಂತ ಗೊತ್ತಿದ್ದವರಿಗೆ ಮಾತ್ರ ದಾರಿಯಲ್ಲಿ ಒಬ್ಬ ಹೆಂಗಸಿಗಾಗಿ ಹಾಗೆ ನಿಲ್ಲಲು ಆಗುತ್ತದೆ ಅಂತ ನನಗೆ ಅನಿಸುತ್ತದೆ.

ನಿತ್ಯಜೀವ ಅಂದರೆ ಚಾರ್ಟಿನ ಬಲತುದಿಯಲ್ಲಿ ಗೆರೆ ಮುಗಿಯದೆ ಮುಂದಕ್ಕೆ ಹೋಗುತ್ತಲೇ ಇರುವುದು ಅಂತ ನಾನು ತಿಳಿದಿದ್ದೆ. ಸತ್ತ ಮೇಲೆ ಸಿಗುವ ಜಾಸ್ತಿ ಸಮಯ. ಆದರೆ ಯೋಹಾನನ 17ನೇ ಅಧ್ಯಾಯದಲ್ಲಿ ಸ್ವಾಮಿಯ ಪ್ರಾರ್ಥನೆಯಲ್ಲಿ ಇರುವುದು ಬೇರೆ. ಒಬ್ಬನೇ ಸತ್ಯದೇವರಾದ ನಿನ್ನನ್ನೂ ನೀನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ ಅಂತ. ಅದಕ್ಕೆ ಉದ್ದದ ಅಳತೆಯೇ ಹೇಳಿಲ್ಲ. ಅದು ಇವತ್ತೇ ಶುರುವಾಗಬಹುದು, ಐದು ಗುಂಡಿ ಹಾಕುವಷ್ಟು ಹೊತ್ತಿನಲ್ಲೂ ಇರಬಹುದು. ಪೇತ್ರನ ಎರಡನೇ ಪತ್ರಿಕೆಯಲ್ಲಿ ಕರ್ತನಿಗೆ ಸಾವಿರ ವರ್ಷ ಒಂದು ದಿನದ ಹಾಗೆ ಅಂತ ಬರುತ್ತದೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಅದೇ ವಾಕ್ಯದಲ್ಲಿ, ಅದಕ್ಕೂ ಮೊದಲು, ಒಂದು ದಿನ ಸಾವಿರ ವರ್ಷದ ಹಾಗೆ ಅಂತಲೂ ಇದೆ. ಮಂಚದ ಪಕ್ಕ ಕೂತು ಕಳೆದ ಒಂದು ದಿನವನ್ನು ದೇವರು ಅಷ್ಟು ದೊಡ್ಡದಾಗಿ ಕಾಣುತ್ತಾರೆ ಅನ್ನುವುದು ನನಗೆ ಎಷ್ಟು ಸಮಾಧಾನ ಕೊಟ್ಟಿದೆ ಅಂತ ಹೇಳಲಾರೆ.

ಇನ್ನೊಂದು ಹೇಳಲೇಬೇಕು. ಮಾತು ಹೋದವರಲ್ಲಿ ಎಷ್ಟೋ ಜನರಿಗೆ ಬಾಯಿಪಾಠ ಆಗಿರುವುದು, ಹಾಡು, ಪ್ರಾರ್ಥನೆ ಉಳಿದಿರುತ್ತದೆ. ಡಾಕ್ಟರೇ ನಮಗೆ ಹೇಳಿದರು. ನನ್ನ ಹೆಂಡತಿಗೆ ನೀರು ಅನ್ನಲು ಬರುವುದಿಲ್ಲ. ನನ್ನ ಹೆಸರು ಬರುವುದಿಲ್ಲ. ಆದರೆ ರಾತ್ರಿ ದೀಪ ಆರಿಸುವ ಮುಂಚೆ ನಾನು 'ಯೆಹೋವನು ನನಗೆ ಕುರುಬನು' ಅಂತ ಶುರು ಮಾಡಿದರೆ 'ಕೊರತೆಪಡೆನು' ಅಂತ ಅವಳು ಹೇಳುತ್ತಾಳೆ. ಅಲ್ಲಿಂದ 23ನೇ ಕೀರ್ತನೆ ಪೂರ್ತಿ ಜೊತೆಗೆ ಬರುತ್ತಾಳೆ. ಕೆಲವು ಪದ ತೊದಲುತ್ತದೆ. ಕಡೆಯ ವಚನದ 'ಸದಾಕಾಲ' ಮಾತ್ರ ಒಂದು ದಿನವೂ ತೊದಲಿಲ್ಲ.

ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದಲ್ಲಿ ಬಿಷಪ್ ಆಗಿದ್ದ ಆಗಸ್ಟೀನ್ (354-430) ಕಾಲ ಅಂದರೆ ಏನು ಅಂತ ತುಂಬ ಯೋಚಿಸಿದವರು. ಅವರು ಕೊಟ್ಟ ಉದಾಹರಣೆ ಬಾಯಿಪಾಠ ಬರುವ ಒಂದು ಕೀರ್ತನೆ. ಶುರು ಮಾಡುವ ಮುಂಚೆ ಅದು ಪೂರ್ತಿ ನಮ್ಮ ನಿರೀಕ್ಷೆಯಲ್ಲಿ ಇರುತ್ತದೆ. ಹೇಳುತ್ತಾ ಹೋದ ಹಾಗೆ ಒಂದೊಂದೇ ಪದ ನೆನಪಿನ ಕಡೆಗೆ ದಾಟುತ್ತದೆ. ಮನಸ್ಸು ಎರಡೂ ಕಡೆಗೆ ಚಾಚಿಕೊಂಡಿರುತ್ತದೆ. ಒಂದು ಕೀರ್ತನೆಯಲ್ಲಿ ನಡೆಯುವುದೇ ಮನುಷ್ಯನ ಇಡೀ ಜೀವನದಲ್ಲೂ ನಡೆಯುತ್ತದೆ ಅಂದರು ಅವರು. ಓದಿದಾಗ ಇದು ಪಂಡಿತರ ಮಾತು ಅನಿಸಿತ್ತು. ಈಗ ರಾತ್ರಿ ಅವಳ ಪಕ್ಕ ಕೂತಾಗ ಆ ದಾಟುವುದು ಕಿವಿಗೇ ಕೇಳಿಸುತ್ತದೆ. ದೇವರು ಮಾತ್ರ ಮೊದಲ ಪದವನ್ನೂ ಕಡೆಯ ಪದವನ್ನೂ ಒಟ್ಟಿಗೆ ಹಿಡಿದಿದ್ದಾರೆ. ನನ್ನ ಕಾಲಗತಿ ನಿನ್ನ ಕೈಯಲ್ಲಿದೆ ಅಂತ 31ನೇ ಕೀರ್ತನೆಯಲ್ಲಿ ಇರುವುದನ್ನು ನಾನು ಈಗ ಹೀಗೆ ತಿಳಿದುಕೊಂಡಿದ್ದೇನೆ.

ಸಂಪಾದಕರೇ, ಯೋಜನೆ ಬೇಡ ಅಂತ ನಾನು ಹೇಳಿಲ್ಲ ಅನ್ನುವುದು ಇಷ್ಟರಲ್ಲಿ ಗೊತ್ತಾಗಿರಬೇಕು. ಈಗಲೂ ದಿನಾ ಬರೆಯುತ್ತೇನೆ. ಮಾತ್ರೆಯ ಹೊತ್ತು ತಪ್ಪಿದರೆ ಅವಳ ರಕ್ತದೊತ್ತಡ ಏರುತ್ತದೆ, ಅಲ್ವಾ? ಮೊದಲು ಪೆನ್ನಿನಲ್ಲಿ ಬರೆಯುತ್ತಿದ್ದೆ, ಈಗ ಪೆನ್ಸಿಲ್. ಮತ್ತೆ ಒಂದಿಷ್ಟು ಜಾಗ ಖಾಲಿ ಬಿಡುತ್ತೇನೆ. ಇದನ್ನೂ ಸತ್ಯವೇದದಿಂದಲೇ ಕಲಿತೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಅನ್ನುವ ಆಹಾರ ಕೊಟ್ಟಾಗ ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಿ ಅಂತ ದೇವರು ಹೇಳಿದರು. ಏಳನೇ ದಿನ ಏನೂ ಸಿಗುವುದಿಲ್ಲ, ಅವತ್ತು ಸುಮ್ಮನಿರಿ ಅಂತ. ಖಾಲಿ ದಿನಕ್ಕೂ ಹಿಂದಿನ ದಿನವೇ ತಯಾರಿ ಬೇಕಿತ್ತು. ಏಳರಲ್ಲಿ ಒಂದು ಚೌಕವನ್ನು ದೇವರೇ ಖಾಲಿ ಬಿಟ್ಟರು.

ನನ್ನ ಕೋರಿಕೆ ಇಷ್ಟೇ. ಮುಂದಿನ ವರ್ಷ ಆ ಕೋಷ್ಟಕವನ್ನು ಮತ್ತೆ ಅಚ್ಚು ಹಾಕುವುದಿದ್ದರೆ 34ರಲ್ಲಿ ನಾಲ್ಕು ಚೌಕಗಳ ಮೇಲೆ 'ಇದನ್ನು ತುಂಬಬೇಡಿ' ಅಂತ ನೀವೇ ಅಚ್ಚು ಹಾಕಿ. ಯಾವುದೆಂದು ನೀವೇ ಆರಿಸಿ, ಓದುವವರಿಗೆ ಬಿಡಬೇಡಿ. ಬಿಟ್ಟರೆ ನನ್ನಂಥವರು ತುಂಬಿಬಿಡುತ್ತಾರೆ.

ನೀವು ಅಚ್ಚು ಹಾಕಿದ್ದನ್ನು ನಾನು ಕತ್ತರಿಸಿ ಅವಳ ಮಂಚದ ಪಕ್ಕ ಅಂಟಿಸಿದ್ದೇನೆ. ಬೆಳಗಿನ ಮಾತ್ರೆ, 10 ಗಂಟೆಗೆ ಫಿಸಿಯೋಥೆರಪಿ, ಮಧ್ಯಾಹ್ನದ ನಿದ್ದೆ. ಸಂಜೆ ಐದೂವರೆಯ ಚೌಕದಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ನಡಿಗೆ ಅಂತ ಬರೆದಿದ್ದೇನೆ. ಕೋಲು ಎಡಗೈಯಲ್ಲಿ, ಬಲಗಡೆ ನಾನು. ಹೋದ ತಿಂಗಳವರೆಗೆ ಬಾಗಿಲಿನಿಂದ ಗೇಟಿಗೆ ಹೋಗಿ ಬರುತ್ತಿದ್ದೆವು. ಹೋದ ವಾರ ಗೇಟು ದಾಟಿ ಎಂಟು ಹೆಜ್ಜೆ ಹೋದಳು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ನಿವೃತ್ತ ಪ್ಲಾನಿಂಗ್ ಎಂಜಿನಿಯರ್